ಜಾರುವ ರೆಪ್ಪೆ, ಹಳೆಯ ಮಾತ್ರೆ

ಎರಡೂ ಕಣ್ಣಿನ ಮೇಲ್ರೆಪ್ಪೆ ಒಟ್ಟೊಟ್ಟಿಗೆ, ವರ್ಷಕ್ಕಿಷ್ಟು ಎಂಬಂತೆ ಜಾರುತ್ತ ಬಂದರೆ ದಿನವೂ ಮುಖ ನೋಡುವ ಮನೆಯವರಿಗೂ ಅದು ಗೊತ್ತಾಗುವುದಿಲ್ಲ. ರೆಪ್ಪೆ ಜಾರಿದಷ್ಟೂ ಮನುಷ್ಯ ಹುಬ್ಬು ಮೇಲೆತ್ತುತ್ತಾನೆ, ಹಣೆ ಸುಕ್ಕುಗಟ್ಟಿಸುತ್ತಾನೆ, ಗದ್ದವನ್ನು ಮುಂದೆ ಮಾಡಿ ತಲೆಯನ್ನು ಹಿಂದಕ್ಕೆ ವಾಲಿಸಿ ನೋಡುವುದನ್ನು ರೂಢಿಸಿಕೊಳ್ಳುತ್ತಾನೆ. ಕಣ್ಣುಗುಡ್ಡೆಗಳ ಚಲನೆ ಎರಡೂ ಕಡೆ ಸಮನಾಗಿ ಕುಗ್ಗುವುದರಿಂದ ಒಂದು ವಸ್ತು ಎರಡಾಗಿ ಕಾಣುವ ತೊಂದರೆಯೂ ಅನೇಕರಲ್ಲಿ ಇರುವುದಿಲ್ಲ. ಹೀಗಾಗಿ ಕಣ್ಣಿನ ವೈದ್ಯರು ಇಂಥವರಿಗೆ ಹಳೆಯ ಫೋಟೊ ತರಲು ಹೇಳುತ್ತಾರೆ. ಹತ್ತು ವರ್ಷದ ಹಿಂದಿನ ಚಿತ್ರದ ಪಕ್ಕದಲ್ಲಿ ಇಂದಿನ ಮುಖ ಇಟ್ಟಾಗಲೇ ರೋಗ ಎದ್ದು ಕಾಣುವುದು.

ಹದಿನೈದು, ಇಪ್ಪತ್ತು ವರ್ಷಗಳಿಂದ ಎಚ್‌ಐವಿ ಮಾತ್ರೆ ನುಂಗುತ್ತಿರುವ ಕೆಲವರಲ್ಲಿ ಈ ಬದಲಾವಣೆ ಕಂಡುಬಂದಿದೆ. ಎಲ್ಲರಲ್ಲೂ ಅಲ್ಲ, ಹೆಚ್ಚಿನವರಲ್ಲೂ ಅಲ್ಲ. ಇದು ಅಪರೂಪದ ತೊಂದರೆ. ಆದರೆ ಅದರ ಕಾರಣ ಹುಡುಕುತ್ತ ಹೋದ ವೈದ್ಯಶಾಸ್ತ್ರ ಮೂರು ದಶಕಗಳಲ್ಲಿ ಕಲಿತದ್ದು ದೊಡ್ಡದು. ಜೀವ ಉಳಿಸಿದ ಔಷಧಿಯೇ ಜೀವಕೋಶದ ಒಳಗೆ ಏನು ಮಾಡಿಹೋಗುತ್ತದೆ, ಔಷಧಿ ಬದಲಾದ ಮೇಲೂ ಆ ಗುರುತು ಏಕೆ ಅಳಿಯುವುದಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಈ ದಾರಿಯಲ್ಲೇ.

ಮೊದಲಿಗೆ ಏಡ್ಸ್ ಕಾಲದ ಕಣ್ಣು ಹೇಗಿತ್ತು ಎಂದು ನೆನಪಿಸಿಕೊಳ್ಳಬೇಕು. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲ ರೋಗಿಗಳ ವರದಿ ಬಂತು. ಮರುವರ್ಷವೇ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಣ್ಣಿನ ತಜ್ಞ ಗ್ಯಾರಿ ಹಾಲಂಡ್ ಮತ್ತು ಸಂಗಡಿಗರು ಈ ಹೊಸ ರೋಗ ಕಣ್ಣಿನಲ್ಲಿ ತೋರುವ ಲಕ್ಷಣಗಳನ್ನು ದಾಖಲಿಸಿದರು. ಆಗಿನ ದೊಡ್ಡ ಭಯ ಸೈಟೊಮೆಗಲೊ ವೈರಸ್ಸಿನದು. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಎಣಿಕೆ 50ಕ್ಕಿಂತ ಕೆಳಗಿಳಿದಾಗ ಅದು ಅಕ್ಷಿಪಟಲವನ್ನು ಕೊರೆದು ಕುರುಡು ತರುತ್ತಿತ್ತು. ಏಡ್ಸ್ ಹಂತ ಮುಟ್ಟಿದ ಸುಮಾರು ಮೂವರಲ್ಲೊಬ್ಬರು ಅದಕ್ಕೆ ಸಿಗುತ್ತಿದ್ದರು. ರೆಪ್ಪೆ ಜಾರುವಷ್ಟು ವರ್ಷ ಆಗ ಯಾರೂ ಬದುಕುತ್ತಿರಲಿಲ್ಲ.

ಬದುಕಿನ ಆಸೆ ಹುಟ್ಟಿಸಿದ್ದು ಜಿಡೊವುಡಿನ್, ಜನ ಎಝಡ್‌ಟಿ ಎಂದು ಕರೆದ ಮಾತ್ರೆ. ಅಮೆರಿಕದ ಜೆರೋಮ್ ಹಾರ್ವಿಟ್ಸ್ 1964ರಲ್ಲಿ ಕ್ಯಾನ್ಸರಿಗೆಂದು ತಯಾರಿಸಿ, ಫಲ ಕೊಡದೆ ಬದಿಗಿಟ್ಟಿದ್ದ ವಸ್ತು ಅದು. 1985ರಲ್ಲಿ ಅದು ಎಚ್‌ಐವಿಯನ್ನು ತಡೆಯುತ್ತದೆಂದು ಗೊತ್ತಾಯಿತು; 1987ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೊದಲ ವರ್ಷಗಳಲ್ಲಿ ನಾಲ್ಕು ಗಂಟೆಗೊಮ್ಮೆ, ರಾತ್ರಿ ಎದ್ದಾದರೂ ನುಂಗಬೇಕಿತ್ತು. ದಿನದ ಪ್ರಮಾಣ ಇಂದಿನ ದುಪ್ಪಟ್ಟು, ಅದಕ್ಕೂ ಹೆಚ್ಚು.

ಈ ಮಾತ್ರೆ ಮತ್ತು ಇದರ ಹಿಂದೆ ಬಂದ ಡಿಡನೊಸಿನ್, ಜಾಲ್ಸಿಟಬಿನ್, ಸ್ಟ್ಯಾವುಡಿನ್ ಎಲ್ಲವೂ ಒಂದೇ ಉಪಾಯದಿಂದ ಕೆಲಸ ಮಾಡುತ್ತವೆ. ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡುವಾಗ ಈ ಔಷಧಿಗಳು ಡಿಎನ್‌ಎ ಅಕ್ಷರಗಳ ವೇಷದಲ್ಲಿ ಸರಪಳಿಯೊಳಗೆ ಸೇರಿಕೊಳ್ಳುತ್ತವೆ. ಮುಂದಿನ ಅಕ್ಷರ ಜೋಡಿಸಲು ಬೇಕಾದ ಕೊಂಡಿ ಅವುಗಳಿಗಿಲ್ಲ. ನಕಲು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವಗಳು ಈ ವೇಷಕ್ಕೆ ಸುಲಭದಲ್ಲಿ ಮೋಸಹೋಗುವುದಿಲ್ಲ. ಮೋಸಹೋಗುವ ಕಿಣ್ವವೊಂದು ಮಾತ್ರ ಬೇರೆ ಕಡೆ ಇದೆ: ಮೈಟೊಕಾಂಡ್ರಿಯದ ಒಳಗೆ.

ಮೈಟೊಕಾಂಡ್ರಿಯಗಳು ಕೋಶಕ್ಕೆ ಬೇಕಾದ ಶಕ್ತಿ ತಯಾರಿಸುವ ಸಣ್ಣ ಅಂಗಗಳು. ಅವಕ್ಕೆ ತಮ್ಮದೇ ಪುಟ್ಟ ಡಿಎನ್‌ಎ ಇದೆ; 16,569 ಅಕ್ಷರ, 37 ವಂಶವಾಹಿಗಳ ಉಂಗುರ. ಒಂದೊಂದು ಕೋಶದಲ್ಲೂ ಇದರ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಅವನ್ನು ನಕಲು ಮಾಡುವ ಕಿಣ್ವ ಪಾಲಿಮರೇಸ್ ಗ್ಯಾಮಾ. ಎಚ್‌ಐವಿ ಮಾತ್ರೆ ವೈರಸ್ಸಿನ ಕಿಣ್ವವನ್ನು ತಡೆಯುವಾಗ ಇದನ್ನೂ ಅಷ್ಟಿಷ್ಟು ತಡೆಯುತ್ತದೆ.

ಇದರ ಮೊದಲ ಸುಳಿವು ಸಿಕ್ಕಿದ್ದು ಕಣ್ಣಿನಲ್ಲಲ್ಲ, ತೋಳು ತೊಡೆಗಳಲ್ಲಿ. ಎಝಡ್‌ಟಿಯನ್ನು ದೀರ್ಘಕಾಲ ತೆಗೆದುಕೊಂಡವರು ಮೆಟ್ಟಿಲು ಹತ್ತಲಾರದೆ, ಕುಳಿತಲ್ಲಿಂದ ಏಳಲಾರದೆ ಆಸ್ಪತ್ರೆಗೆ ಬರುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮರಿನೋಸ್ ಡಲಾಕಾಸ್ ಅಂಥವರ ಸ್ನಾಯುವಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂಚು ಹರಿದಂತೆ ಕಾಣುವ ಕೆಂಪು ಎಳೆಗಳು ಕಂಡವು. ಹುಟ್ಟಿನಿಂದಲೇ ಮೈಟೊಕಾಂಡ್ರಿಯ ದೋಷ ಇರುವವರ ಸ್ನಾಯುವಿನಲ್ಲಿ ಕಾಣುವ ಎಳೆಗಳವು. ಅವರ ತಂಡ 1990ರಲ್ಲಿ ಇದನ್ನು ಪ್ರಕಟಿಸಿತು. ಆ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಪ್ರತಿಗಳೇ ಕಡಿಮೆಯಾಗಿವೆ ಎಂಬ ವರದಿ ಮರುವರ್ಷ ಬಂತು. ಎಝಡ್‌ಟಿ ನಿಲ್ಲಿಸಿದರೆ ಹಲವರಿಗೆ ಶಕ್ತಿ ಮರಳುತ್ತಿತ್ತು. ತೊಂದರೆ ತಾತ್ಕಾಲಿಕ ಎಂಬ ನಂಬಿಕೆ ಹುಟ್ಟಿದ್ದು ಹೀಗೆ. ಮುಂದೆ ಈ ನಂಬಿಕೆಯೇ ಪೆಟ್ಟು ತಿಂದಿತು.

ಅಷ್ಟರಲ್ಲಿ 1993ರ ದುರಂತ. ಹೆಪಟೈಟಿಸ್ ಬಿ ಕಾಯಿಲೆಗೆ ಫಿಯಾಲುರಿಡಿನ್ ಎಂಬ ಇದೇ ಜಾತಿಯ ಔಷಧಿಯನ್ನು ಅಮೆರಿಕದ ಅದೇ ಸಂಸ್ಥೆಯಲ್ಲಿ 15 ಜನರ ಮೇಲೆ ಪ್ರಯೋಗಿಸಲಾಗಿತ್ತು. ಏಳು ಮಂದಿಯ ಯಕೃತ್ತು ಕೆಟ್ಟು ಐವರು ತೀರಿಕೊಂಡರು. ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ಪ್ರಾಣಿಗಳ ಮೇಲಿನ ಪರೀಕ್ಷೆ ಈ ಅಪಾಯವನ್ನು ಮುಂಚೆ ತೋರಿಸಿರಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ವಿಷ ಮುಂದುವರಿದದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೈಟೊಕಾಂಡ್ರಿಯದ ಹಾನಿ ಬರೀ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ.

ಅಲ್ಲಿಂದ ಮುಂದೆ ಔಷಧಿಗಳ ಶ್ರೇಣಿಯೊಂದು ಸ್ಪಷ್ಟವಾಯಿತು. ಪಾಲಿಮರೇಸ್ ಗ್ಯಾಮಾವನ್ನು ಅತಿ ಹೆಚ್ಚು ಕೆಡಿಸುವುದು ಜಾಲ್ಸಿಟಬಿನ್. ನಂತರ ಡಿಡನೊಸಿನ್, ಸ್ಟ್ಯಾವುಡಿನ್. ಅವುಗಳಿಗಿಂತ ಕಡಿಮೆ ಎಝಡ್‌ಟಿ. ಲ್ಯಾಮಿವುಡಿನ್, ಅಬಕವಿರ್, ಟೆನೊಫೊವಿರ್ ಬಹಳ ಕೆಳಗೆ. 1990ರ ದಶಕದ ಕೊನೆಗೆ ನೆದರ್ಲೆಂಡ್ಸಿನ ಕೇಸ್ ಬ್ರಿಂಕ್‌ಮನ್ ಮತ್ತು ಜೊತೆಗಾರರು, ಬೇರೆಬೇರೆಯಾಗಿ ಕಾಣುವ ಹಲವು ಅಡ್ಡಪರಿಣಾಮಗಳ ಬೇರು ಒಂದೇ ಇರಬಹುದು ಎಂದರು: ಅಂಗಾಲಿನ ಉರಿ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲದ ಏರಿಕೆ, ಮೇದೋಜೀರಕದ ಊತ, ಕೆನ್ನೆಯ ಕೊಬ್ಬು ಕರಗುವುದು. ಡಿಡನೊಸಿನ್ ತೆಗೆದುಕೊಂಡ ಮಕ್ಕಳ ಅಕ್ಷಿಪಟಲದ ಅಂಚಿನಲ್ಲಿ ಬಣ್ಣಗೆಟ್ಟ ಮಚ್ಚೆಗಳೂ ಕಂಡಿದ್ದವು.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಕಥೆ ಬೇರೆ ದಾರಿ ಹಿಡಿಯುತ್ತದೆ; ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಹೆಚ್ಚು ನೋವಿನ ಭಾಗವೂ ಇದೇ.

1996ರಲ್ಲಿ ವ್ಯಾಂಕೂವರಿನ ಏಡ್ಸ್ ಸಮ್ಮೇಳನದಲ್ಲಿ ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ಸನ್ನು ಅಡಗಿಸಿಡಬಹುದು ಎಂಬುದು ಸ್ಥಿರವಾಯಿತು. ಆದರೆ ಅದರ ಖರ್ಚು ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಮೇಲೆ. ಭಾರತದ ಅಂದಿನ ಪೇಟೆಂಟ್ ಕಾಯಿದೆ ಔಷಧಿ ತಯಾರಿಸುವ ವಿಧಾನಕ್ಕಷ್ಟೇ ರಕ್ಷಣೆ ಕೊಡುತ್ತಿತ್ತು, ಔಷಧಿಗಲ್ಲ. ಇದನ್ನು ಬಳಸಿಕೊಂಡು ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 2001ರ ಫೆಬ್ರುವರಿಯಲ್ಲಿ ಗಡಿರಹಿತ ವೈದ್ಯರ ಸಂಘಟನೆಗೆ ವರ್ಷಕ್ಕೆ 350 ಡಾಲರಿಗೆ ಮೂರೂ ಔಷಧಿ ಕೊಡುತ್ತೇನೆಂದರು. ಮೂರನ್ನೂ ಸೇರಿಸಿದ ಒಂದೇ ಮಾತ್ರೆಯ ಹೆಸರು ಟ್ರಯೊಮ್ಯೂನ್. ಬೆಳಿಗ್ಗೆ ಒಂದು, ರಾತ್ರಿ ಒಂದು. ಆಫ್ರಿಕದ ಹಳ್ಳಿಗಳಿಂದ ನಮ್ಮ ಹಳ್ಳಿಗಳವರೆಗೆ ಲಕ್ಷಾಂತರ ಜನರನ್ನು ಉಳಿಸಿದ್ದು ಈ ಬಗೆಯ ಮಾತ್ರೆಗಳು. ಅದರೊಳಗಿದ್ದ ಮೂರರಲ್ಲಿ ಒಂದು ಸ್ಟ್ಯಾವುಡಿನ್.

ನಮ್ಮ ಸರ್ಕಾರ 2004ರ ಏಪ್ರಿಲ್ 1ರಂದು ಎಚ್‌ಐವಿಯನ್ನು ಅಡಗಿಸಿಡುವ ಈ ಔಷಧಿಗಳ ಚಿಕಿತ್ಸೆಯನ್ನು, ಅಂದರೆ ಎಆರ್‌ಟಿಯನ್ನು, ಉಚಿತವಾಗಿ ಕೊಡಲಾರಂಭಿಸಿತು. ಮೊದಲು ಆಯ್ದುಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಂದಿಗೂ ಎಚ್‌ಐವಿಯೊಂದಿಗೆ ಬದುಕುವವರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮ ರಾಜ್ಯದ್ದು. ಆಗ ಎಆರ್‌ಟಿ ಸೆಂಟರಿನಲ್ಲಿ ಮುಖ್ಯವಾಗಿ ಎರಡು ಆಯ್ಕೆಗಳಿದ್ದವು: ಎಝಡ್‌ಟಿ ಇರುವ ಮಾತ್ರೆ ಅಥವಾ ಸ್ಟ್ಯಾವುಡಿನ್ ಇರುವ ಮಾತ್ರೆ. ಎಝಡ್‌ಟಿ ರಕ್ತ ಕಡಿಮೆ ಮಾಡುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ಸ್ಟ್ಯಾವುಡಿನ್. ರಕ್ತಹೀನತೆ ನಮ್ಮಲ್ಲಿ ಯಾರಿಗೆ ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಮೊದಲೇ ಸೊರಗಿದ್ದ ಬಡ ಹೆಂಗಸರಿಗೆ ಹೆಚ್ಚು ವಿಷಕಾರಿಯಾದ ಮಾತ್ರೆಯೇ ಸುರಕ್ಷಿತ ಎನ್ನಿಸಿಕೊಂಡಿತು.

ಅಂದು ಸ್ಟ್ಯಾವುಡಿನ್ ಕೊಟ್ಟದ್ದನ್ನು ನಾನು ದೂರುವುದಿಲ್ಲ. ಸಿಡಿ4 ಎಣಿಕೆ ಐವತ್ತೋ ನೂರೋ ಇದ್ದು, ಕ್ಷಯ ಮೈಗೆ ಹತ್ತಿ, ಮನೆಯವರು ಎತ್ತಿಕೊಂಡು ತಂದವರು ಆರು ತಿಂಗಳಲ್ಲಿ ನಡೆದುಕೊಂಡು ಬರತೊಡಗಿದ ಕಾಲ ಅದು. ದೂರಬೇಕಾದದ್ದು ನಂತರದ ವರ್ಷಗಳ ವಿಳಂಬವನ್ನು. ಶ್ರೀಮಂತ ದೇಶಗಳ ವೈದ್ಯರು 2000ರ ದಶಕದ ನಡುವಿಗೇ ಸ್ಟ್ಯಾವುಡಿನ್‌ನಿಂದ ಹಿಂದೆ ಸರಿದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಮಾಣವನ್ನು ಎಲ್ಲರಿಗೂ 30 ಮಿಲಿಗ್ರಾಮಿಗೆ ಇಳಿಸಿತು; ಬಿಡಿಸಿರೆಂದು ಹೇಳಿದ್ದು 2009ರ ನವೆಂಬರ್ ಕೊನೆಯಲ್ಲಿ. ಆ ಮಾತು ಬಡ ದೇಶಗಳ ಔಷಧಿ ಕೌಂಟರಿಗೆ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಕೆನ್ನೆ ಒಳಸೇರಿ, ಕಣ್ಣು ಗುಳಿಬಿದ್ದ ಮುಖವೇ ಕಾಯಿಲೆಯ ಗುಟ್ಟನ್ನು ಊರಿಗೆ ಹೇಳುವಂತಾಗಿತ್ತು. ಗುಟ್ಟು ಬಯಲಾಗಬಾರದೆಂದು ಮಾತ್ರೆ ಬಿಟ್ಟವರೂ ಉಂಟು.

ರೆಪ್ಪೆಯ ವಿಚಾರ ಬೆಳಕಿಗೆ ಬಂದದ್ದು ಈ ಹಿನ್ನೆಲೆಯಲ್ಲಿ. 2008ರಲ್ಲಿ ಅಮೆರಿಕದ ಡಲ್ಲಾಸಿನ ವೈದ್ಯರು ಬೆರಳೆಣಿಕೆಯ ರೋಗಿಗಳ ವಿವರ ಪ್ರಕಟಿಸಿದರು: ವರ್ಷಗಟ್ಟಲೆ ಎಚ್‌ಐವಿ ಔಷಧಿ ತೆಗೆದುಕೊಂಡವರು, ಮುಖದ ಕೊಬ್ಬು ಕರಗಿದವರು, ಈಗ ರೆಪ್ಪೆ ಜಾರಿ ಕಣ್ಣುಗುಡ್ಡೆ ಹೊರಳಿಸಲಾಗದವರು. 2009ರಲ್ಲಿ ವ್ಯಾಂಕೂವರಿನಿಂದ ಇಂಥದ್ದೇ ವರದಿ ಬಂತು. ಮೂರು ಔಷಧಿಗಳ ಯುಗ ಸಾರಿದ ಊರಿನಿಂದಲೇ ಈ ವರದಿಯೂ ಬಂದದ್ದು ಆಕಸ್ಮಿಕವಲ್ಲ. ಎಲೆನ್ ಕೊಟೆ ಮತ್ತು ಜೂಲಿಯೊ ಮೊಂಟಾನರ್ ಅವರ ತಂಡ ಅಲ್ಲಿ 2002ರಿಂದಲೇ ರೋಗಿಗಳ ರಕ್ತಕಣಗಳಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಅಳೆಯುತ್ತಿತ್ತು. ಆ ಅಳತೆ ಇನ್ನೊಂದು ಮಾತನ್ನೂ ಹೇಳಿತ್ತು: ಮಾತ್ರೆ ಮುಟ್ಟದ ಎಚ್‌ಐವಿ ಸೋಂಕಿತರಲ್ಲೂ ಈ ಡಿಎನ್‌ಎ ಸೋಂಕಿಲ್ಲದವರಿಗಿಂತ ಕಡಿಮೆ. ಅಂದರೆ ತಪ್ಪನ್ನೆಲ್ಲ ಮಾತ್ರೆಯ ಮೇಲೆ ಹೊರಿಸುವಂತಿಲ್ಲ. ವೈರಸ್ಸಿನ ಪಾಲೂ ಇದೆ.

2012ರಲ್ಲಿ ಲಾಸ್ ಏಂಜಲೀಸಿನ ವೈದ್ಯರು ಇಂಥ ರೋಗಿಗಳ ಕಣ್ಣಿನ ಸ್ನಾಯುಗಳನ್ನು ಎಂಆರ್‌ಐನಲ್ಲಿ ನೋಡಿದರು. ಸ್ನಾಯುವಿನೊಳಗೆ ಬಿಳಿಚಿಕೊಂಡ ಭಾಗಗಳು ಕಂಡವು. ಹುಟ್ಟು ಮೈಟೊಕಾಂಡ್ರಿಯ ದೋಷದವರಲ್ಲಿ ಕಾಣುವಂಥವೇ. ಆ ವರದಿ ಬರೆದವರಲ್ಲಿ ಗ್ಯಾರಿ ಹಾಲಂಡ್ ಒಬ್ಬರು. ಮೂವತ್ತು ವರ್ಷದ ಹಿಂದೆ ಸಾಯುತ್ತಿದ್ದವರ ಕಣ್ಣು ನೋಡಿದ್ದ ವೈದ್ಯರು ಈಗ ಬದುಕುಳಿದವರ ಕಣ್ಣನ್ನು ನೋಡುತ್ತಿದ್ದರು.

ದೇಹದ ಇಷ್ಟೆಲ್ಲ ಸ್ನಾಯುಗಳಲ್ಲಿ ಕಣ್ಣಿನವೇ ಏಕೆ? ಇದಕ್ಕೆ ಉತ್ತರ ಎಚ್‌ಐವಿಗಿಂತ ಹಳೆಯ ಅಧ್ಯಯನಗಳಲ್ಲಿದೆ. ಕಣ್ಣುಗುಡ್ಡೆ ನಿಧಾನವಾಗಿ ಸ್ತಬ್ಧವಾಗುವ ರೋಗವನ್ನು ಜರ್ಮನಿಯ ಆಲ್ಬ್ರೆಕ್ಟ್ ಫಾನ್ ಗ್ರೇಫ್ 1868ರಲ್ಲೇ ಬಣ್ಣಿಸಿದ್ದರು. ತೊಂದರೆ ಮಿದುಳಿನ ನರಕೇಂದ್ರದ್ದೋ ಸ್ನಾಯುವಿನದೋ ಎಂಬ ವಾದ ಸುಮಾರು ನೂರು ವರ್ಷ ನಡೆಯಿತು. 1988ರಲ್ಲಿ ಲಂಡನ್ನಿನ ಇಯಾನ್ ಹೋಲ್ಟ್, ಅನಿಟಾ ಹಾರ್ಡಿಂಗ್, ಜಾನ್ ಮಾರ್ಗನ್-ಹ್ಯೂಸ್ ಸ್ನಾಯುರೋಗಿಗಳ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ದೊಡ್ಡ ತುಣುಕುಗಳೇ ಕಾಣೆಯಾಗಿರುವುದನ್ನು ತೋರಿಸಿದರು. 2001ರಲ್ಲಿ ಬೆಲ್ಜಿಯಂನ ತಂಡವೊಂದು, ಇದೇ ಕಣ್ಣಿನ ರೋಗ ವಂಶದಲ್ಲಿ ಹರಿದುಬಂದಿರುವ ಕೆಲವು ಕುಟುಂಬಗಳಲ್ಲಿ ಕೆಟ್ಟಿರುವುದು ಪಾಲಿಮರೇಸ್ ಗ್ಯಾಮಾದ ವಂಶವಾಹಿ ಎಂದು ಕಂಡುಹಿಡಿಯಿತು. ಎಚ್‌ಐವಿ ಮಾತ್ರೆ ತಡೆಯುವ ಕಿಣ್ವವೂ ಅದೇ. ಹುಟ್ಟಿನಿಂದ ಕೆಟ್ಟರೂ ಮಾತ್ರೆಯಿಂದ ಕೆಟ್ಟರೂ ಕೊನೆಗೆ ಜಾರುವುದು ರೆಪ್ಪೆಯೇ.

ರೆಪ್ಪೆ ಎತ್ತುವ ಸ್ನಾಯು ಎಚ್ಚರವಿರುವಷ್ಟು ಹೊತ್ತೂ ಕೆಲಸದಲ್ಲಿರುತ್ತದೆ. ಕಣ್ಣುಗುಡ್ಡೆ ಹೊರಳಿಸುವ ಆರು ಸ್ನಾಯುಗಳಿಗೆ ನಿದ್ದೆಯಲ್ಲೂ ಪೂರ್ತಿ ಬಿಡುವಿಲ್ಲ. ಅವುಗಳಿಗೆ ಬರುವ ನರಸಂದೇಶದ ವೇಗ ಕೈಕಾಲಿನ ಸ್ನಾಯುಗಳಿಗಿಂತ ಬಹಳ ಹೆಚ್ಚು. ಅದಕ್ಕೆ ತಕ್ಕಂತೆ ಮೈಟೊಕಾಂಡ್ರಿಯವೂ ದಟ್ಟ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಯಾವ ರೋಗವೂ ಇಲ್ಲದ ಜನರ ಕಣ್ಣಿನ ಸ್ನಾಯು ಪರೀಕ್ಷಿಸಿ, ವಯಸ್ಸಾದಂತೆ ಅಲ್ಲಿ ತುಣುಕು ಕಳೆದುಕೊಂಡ ಮೈಟೊಕಾಂಡ್ರಿಯ ಡಿಎನ್‌ಎ ಬೇರೆ ಸ್ನಾಯುಗಳಿಗಿಂತ ಹೆಚ್ಚು ಕೂಡುತ್ತದೆ ಎಂದು 2010ರಲ್ಲಿ ತೋರಿಸಿದರು. ಎಲ್ಲರ ಕಣ್ಣಿನ ಸ್ನಾಯುವೂ ಮೈಗಿಂತ ಬೇಗ ಮುಪ್ಪಾಗುತ್ತದೆ. ಮಾತ್ರೆ ಆ ಮುಪ್ಪನ್ನು ಮುಂದಕ್ಕೆ ತರುತ್ತದೆ.

ಹೇಗೆ ತರುತ್ತದೆ ಎಂಬುದನ್ನು ವಿವರಿಸಿದ್ದು ಅದೇ ನ್ಯೂಕ್ಯಾಸಲ್‌ನ ಬ್ರೆಂಡನ್ ಪೇನ್, ಪ್ಯಾಟ್ರಿಕ್ ಚಿನ್ನರಿ ಮತ್ತು ಸಂಗಡಿಗರ 2011ರ ಅಧ್ಯಯನ. ಈ ಕ್ಷೇತ್ರದಲ್ಲಿ ನಾನು ಹೆಚ್ಚು ಬೆಲೆ ಕೊಡುವ ಕೆಲಸವದು. ಅವರು ಹಳೆಯ ಮಾತ್ರೆ ತೆಗೆದುಕೊಂಡಿದ್ದವರ ಕಾಲಿನ ಸ್ನಾಯು ಪರೀಕ್ಷಿಸಿದರು. ಅವರಲ್ಲಿ ಕೆಲವರು ಅವನ್ನು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ಮಧ್ಯವಯಸ್ಸಿನವರ ಸ್ನಾಯುವಿನಲ್ಲಿ ಮುದುಕರಿಗೆ ಸಲ್ಲುವಷ್ಟು ಕೆಟ್ಟ ಎಳೆಗಳಿದ್ದವು. ಮಾತ್ರೆ ಹೊಸ ದೋಷಗಳನ್ನು ಹುಟ್ಟಿಸಿತ್ತೇ ಎಂದು ನೋಡಿದರೆ, ಹಾಗಿರಲಿಲ್ಲ. ದೋಷದ ಪ್ರತಿಗಳು ಅಲ್ಲೊಂದು ಇಲ್ಲೊಂದು ಎಲ್ಲರ ಸ್ನಾಯುವಿನಲ್ಲೂ ಇರುತ್ತವೆ. ಮಾತ್ರೆ ಒಳ್ಳೆಯ, ಕೆಟ್ಟ ಎನ್ನದೆ ಎಲ್ಲ ಪ್ರತಿಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಮಾತ್ರೆ ನಿಂತಾಗ ಉಳಿದ ಕೆಲವೇ ಪ್ರತಿಗಳಿಂದ ಕೋಶ ಮತ್ತೆ ತುಂಬಿಕೊಳ್ಳುತ್ತದೆ. ಬರದಲ್ಲಿ ಪೈರು ತೆಳುವಾದ ಗದ್ದೆಯಲ್ಲಿ ಅಲ್ಲಲ್ಲಿ ಉಳಿದಿದ್ದ ಕಳೆ ಮಳೆ ಬಂದಾಗ ಕೆಲವು ಮಡಿಗಳನ್ನೇ ಆವರಿಸುವಂತೆ, ಕೆಲವು ಎಳೆಗಳಲ್ಲಿ ಕೆಟ್ಟ ಪ್ರತಿಯ ಸಂತಾನವೇ ತುಂಬಿಬಿಡುತ್ತದೆ. ಒಟ್ಟು ಸಂಖ್ಯೆ ಎಣಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಝಡ್‌ಟಿ ನಿಲ್ಲಿಸಿದ ಮೇಲೆ ಸ್ನಾಯು ಚೇತರಿಸಿತೆಂದು 1990ರ ದಶಕದ ವೈದ್ಯರು ಕಂಡದ್ದೂ ನಿಜ, ಹದಿನೈದು ವರ್ಷದ ನಂತರ ರೆಪ್ಪೆ ಜಾರಿದ್ದೂ ನಿಜ. ಎರಡನ್ನೂ ಒಟ್ಟಿಗೆ ವಿವರಿಸಬಲ್ಲ ಮೊದಲ ಲೆಕ್ಕ ಇದು.

ವೈದ್ಯರ ಕೋಣೆಯಲ್ಲಿ ಇದು ಇಷ್ಟು ನೇರವಾಗಿ ಬರುವುದಿಲ್ಲ. ಎಚ್‌ಐವಿ ಇರುವವರ ರೆಪ್ಪೆ ಜಾರಿದರೆ ಮೊದಲು ಅನುಮಾನಿಸಬೇಕಾದ್ದು ಬೇರೆ ಕಾಯಿಲೆಗಳನ್ನು. ಒಂದೇ ಕಣ್ಣು, ಅದೂ ಕೆಲವೇ ದಿನಗಳಲ್ಲಿ ಜಾರಿತೆಂದರೆ ಕ್ಷಯದ ಮಿದುಳುಪೊರೆ ಜ್ವರ, ಟಾಕ್ಸೊಪ್ಲಾಸ್ಮ, ಕ್ರಿಪ್ಟೊಕಾಕಸ್ ಸೋಂಕು ಇರಬಹುದು, ಅದು ತುರ್ತು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜಾರಿದರೆ ಮಯಸ್ತೇನಿಯ ಗ್ರೇವಿಸ್ ಎಂಬ ರೋಗದ ಕಡೆ ಗಮನ ಹೋಗಬೇಕು. ಅದಕ್ಕೊಂದು ಸುಲಭ ಪರೀಕ್ಷೆ ಇದೆ: ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಪೊಟ್ಟಣ ಇಟ್ಟರೆ ಮಯಸ್ತೇನಿಯದ ರೆಪ್ಪೆ ಮೇಲೇಳುತ್ತದೆ. ಮೈಟೊಕಾಂಡ್ರಿಯದ ತೊಂದರೆಯಲ್ಲಿ ಏಳುವುದಿಲ್ಲ. ಕೆನ್ನೆಯ ಜೊತೆ ಕಣ್ಣಿನ ಸುತ್ತಲ ಕೊಬ್ಬೂ ಕರಗಿದವರಲ್ಲಿ ಸ್ನಾಯು ಸರಿಯಿದ್ದರೂ ರೆಪ್ಪೆ ಇಳಿದಂತೆ ಕಾಣಬಹುದು. ಅನುಮಾನ ಉಳಿದರೆ ತೊಡೆ ಅಥವಾ ತೋಳಿನ ಸ್ನಾಯುವಿನ ಚೂರು ತೆಗೆದು ನೋಡುತ್ತಾರೆ; ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದಕ್ಕೆ ನುರಿತ ಪ್ರಯೋಗಾಲಯವಿದೆ.

ವಾಸಿಮಾಡುವ ಔಷಧಿ ಇದಕ್ಕಿಲ್ಲ. ಕೋಎನ್‌ಝೈಮ್ ಕ್ಯೂ10 ಎಂದು ದುಬಾರಿ ಮಾತ್ರೆ ಬರೆದುಕೊಡುವುದುಂಟು. ಜಾರಿದ ರೆಪ್ಪೆಯನ್ನು ಅದು ಎತ್ತುತ್ತದೆ ಎನ್ನಲು ಆಧಾರವಿಲ್ಲ. ಎರಡಾಗಿ ಕಾಣುವವರಿಗೆ ಪ್ರಿಸಂ ಗಾಜು, ರೆಪ್ಪೆಯನ್ನು ತಡೆದು ಹಿಡಿಯುವ ಊರುಗೋಲಿರುವ ಕನ್ನಡಕ ಕೊಡಬಹುದು. ಶಸ್ತ್ರಚಿಕಿತ್ಸೆಯಲ್ಲಿ ರೆಪ್ಪೆಯನ್ನು ಸಿಲಿಕೋನ್ ಎಳೆಯಿಂದ ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಇಲ್ಲಿ ವೈದ್ಯರ ಕೈ ಹಿಡಿತದಲ್ಲಿರಬೇಕು. ಸಾಮಾನ್ಯವಾಗಿ ನಾವು ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೊರಳಿ ಪಾರದರ್ಶಕ ಪಟಲ ರಕ್ಷಣೆ ಪಡೆಯುತ್ತದೆ. ಇವರ ಗುಡ್ಡೆ ಹೊರಳುವುದಿಲ್ಲ. ನೋಡಲು ಚೆಂದವಾಗಲೆಂದು ರೆಪ್ಪೆಯನ್ನು ಪೂರ್ತಿ ಎತ್ತಿಬಿಟ್ಟರೆ ನಿದ್ದೆಯಲ್ಲಿ ಕಣ್ಣು ತೆರೆದೇ ಉಳಿದು, ಪಟಲ ಒಣಗಿ ಹುಣ್ಣಾಗಿ, ಇದ್ದ ದೃಷ್ಟಿಯೂ ಹೋಗಬಹುದು. ಕಣ್ಣುಪಾಪೆ ಬಿಡುವಷ್ಟು ಎತ್ತಿ ನಿಲ್ಲಿಸುವುದೇ ಸರಿ.

ಇದನ್ನು ಓದಿ ಯಾರೂ ಎಆರ್‌ಟಿ ನಿಲ್ಲಿಸಬಾರದು. ಇಂದು ನಮ್ಮ ಸೆಂಟರುಗಳಲ್ಲಿ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಸೇರಿದ ಒಂದೇ ಮಾತ್ರೆ ಪಾಲಿಮರೇಸ್ ಗ್ಯಾಮಾಕ್ಕೆ ತೀರ ಕಡಿಮೆ ತೊಂದರೆ ಕೊಡುವಂಥದ್ದು. ಟೆನೊಫೊವಿರ್‌ಗೆ ಮೂತ್ರಪಿಂಡ, ಮೂಳೆಗಳ ಮೇಲೆ ಕಣ್ಣಿಡಬೇಕು, ಅಷ್ಟೇ. ರೆಪ್ಪೆ ಜಾರಿರುವವರು ಹೇಳಬೇಕಾದ್ದು ಈಗಿನ ಮಾತ್ರೆಯ ಹೆಸರನ್ನಲ್ಲ. 2004ರಿಂದೀಚೆಗೆ, ಅಥವಾ ಅದಕ್ಕೂ ಮುಂಚೆ ಖಾಸಗಿಯಾಗಿ ಕೊಂಡು ನುಂಗಿದ ಮೊದಲ ಮಾತ್ರೆ ಯಾವುದಿತ್ತು ಎಂಬುದನ್ನು. ರೋಗಿಯ ಚಿಕಿತ್ಸೆಯ ವಿವರ ಬರೆದಿಡುವ ಎಆರ್‌ಟಿಯ ಹಸಿರು ಪುಸ್ತಕದ ಹಳೆಯ ಪುಟಗಳಿಗೆ ಈ ಕಾರಣಕ್ಕೇ ಬೆಲೆ. ಕಣ್ಣಿನ ವೈದ್ಯರ ಮುಂದೆ ಎಚ್‌ಐವಿ ಇದೆಯೆಂದು ಹೇಳಲು ಹೆದರುವವರು ಇಂದಿಗೂ ಬಹಳ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯಿದೆ ಗೌಪ್ಯತೆಗೆ, ತಾರತಮ್ಯವಿಲ್ಲದ ಚಿಕಿತ್ಸೆಗೆ ಹಕ್ಕು ಕೊಟ್ಟಿದೆ. ಆ ಹಕ್ಕು ಕೋಣೆಯೊಳಗೆ ನಿಜವಾಗದಿದ್ದರೆ ರೋಗದ ಹೆಸರು ತಿಳಿಯಲು ಬೇಕಾದ ಒಂದೇ ಒಂದು ಮಾಹಿತಿ ವೈದ್ಯರ ಕಿವಿಗೆ ಬೀಳುವುದೇ ಇಲ್ಲ.

ಇನ್ನು ಮುಂದೆ ಗಮನ ಹೋಗಬೇಕಾದ್ದು 2006ರ ಕೊನೆಗೆ ಆರಂಭವಾದ ಮಕ್ಕಳ ಉಚಿತ ಎಆರ್‌ಟಿ ಯೋಜನೆಯಲ್ಲಿ ಸ್ಟ್ಯಾವುಡಿನ್ ಇದ್ದ ಮಾತ್ರೆ ತಿಂದು ಬೆಳೆದವರ ಕಡೆಗೆ. ಅವರಲ್ಲಿ ಬಹಳಷ್ಟು ಮಂದಿ ಇಂದು ಇಪ್ಪತ್ತರ ಆಸುಪಾಸಿನ ತರುಣ ತರುಣಿಯರು. ಕೆಲವರು ತಂದೆತಾಯಂದಿರೂ ಆಗಿದ್ದಾರೆ. ಸ್ನಾಯು ಬೆಳೆಯುವ ವಯಸ್ಸಿನಲ್ಲೇ ಆ ಔಷಧಿ ಅವರ ಮೈ ಸೇರಿತ್ತು, ಮುಂದೆ ಬದುಕಬೇಕಾದ ವರ್ಷಗಳೂ ದೊಡ್ಡವರಿಗಿಂತ ಹೆಚ್ಚು. ಕಣ್ಣುಪಾಪೆಯ ನಡುವಿನಿಂದ ರೆಪ್ಪೆಯಂಚಿಗೆ ಎಷ್ಟು ಮಿಲಿಮೀಟರ್ ಎಂದು ಸಾಮಾನ್ಯ ಸ್ಕೇಲಿನಿಂದ ಅಳೆಯಲು, ಬೆರಳು ಆಡಿಸಿ ಗುಡ್ಡೆ ಎಲ್ಲ ದಿಕ್ಕಿಗೂ ಹೊರಳುತ್ತದೆಯೇ ಎಂದು ನೋಡಲು ಒಂದೆರಡು ನಿಮಿಷ ಸಾಕು. ವರ್ಷಕ್ಕೊಮ್ಮೆ ತೂಕ ಮತ್ತು ವೈರಲ್ ಲೋಡ್ ಬರೆಯುವ ಪುಟದಲ್ಲೇ ಈ ಎರಡು ಸಾಲುಗಳಿಗೂ ಜಾಗ ಮಾಡಬಹುದು.